ಆರಿಂಚು ಎತ್ತರದ ಆಸೆ

ಟೆಕ್ಸಾಸ್ ಗಾಳಿ ಸೋಕಿದ ಮೇಲೆ ಕನ್ನಡಿಗನಿಗೂ ಪಿಕಪ್ ಹುಚ್ಚು ಹಿಡಿಯುತ್ತದೆ. ನನ್ನ ಭಾವಮೈದುನನಿಗೆ ದೋಣಿ ಎಳೆಯುವ ನೆಪ ಬೇರೆ ಸಿಕ್ಕಿತ್ತು. ಅವನು ಮನಸೋತದ್ದು ಆರಿಂಚು ಲಿಫ್ಟ್ ಮಾಡಿಸಿ ಎತ್ತರಿಸಿದ ಹಳೇ ಫೋರ್ಡ್ ಎಫ್-150ಗೆ. ಸೀರೆಯುಟ್ಟ ಅವನ ಹೆಂಡತಿ ಅದನ್ನು ಹತ್ತಲು ಪಟ್ಟ ಪಾಡು ದೇವರಿಗೇ ಪ್ರೀತಿ!

"ಈ ಗಾಡಿ ಒಂದು ದಿನವೂ ಟ್ರೈಲರ್ ಎಳೆದಿಲ್ಲ" ಎಂದ ಮಾರುವವ. ಹಿಂದೆ ಟ್ರೈಲರ್ ಸಿಕ್ಕಿಸುವ ಹಿಚ್ ಬಾಲ್ ಮಾತ್ರ ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿತ್ತು. ಸ್ಟೀರಿಂಗ್ ಕೆಳಗೆ ಟ್ರೈಲರಿನ ಬ್ರೇಕ್ ಕಂಟ್ರೋಲರ್ ಕಿತ್ತ ಸ್ಕ್ರೂ ತೂತುಗಳು. ಪಾಪ, ಅವುಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಲಿಫ್ಟ್ ಮಾಡಿದರೆ ಹಿಚ್ಚೂ ಮೇಲೇರುತ್ತದೆ, ಟ್ರೈಲರ್ ಮೂತಿ ಆಕಾಶ ನೋಡುತ್ತದೆ. ಅದನ್ನು ಸಮ ಮಾಡಲು ಉದ್ದನೆಯ ಡ್ರಾಪ್ ಹಿಚ್ ತರಬೇಕು. ಸಾಮಾನ್ಯವಾಗಿ ಟ್ರೈಲರ್ ತೂಕದಲ್ಲಿ ಶೇ. 10ರಿಂದ 15ರಷ್ಟು ಆ ಹಿಚ್ ಮೇಲೆಯೇ ಕೂರುತ್ತದೆ. ದೊಡ್ಡ ಟೈರು ಹಾಕಿದರೆ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ, ಬ್ರೇಕಿಗೂ ಹೆಚ್ಚು ದುಡಿಮೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಭಾರದ ಲೆಕ್ಕ. ಆಮೇಲೆ ಯಾರೋ ಸೇರಿಸಿದ ಕಬ್ಬಿಣದ ತೂಕ ಅದಕ್ಕೇನು ಗೊತ್ತು?

ಇಷ್ಟೆಲ್ಲ ಹೇಳಿದರೂ ಭಾವಮೈದುನ, "ನೋಡೋಕೆ ಎಷ್ಟು ಗತ್ತಾಗಿದೆ ಅಲ್ವಾ ಭಾವ?" ಎಂದ. ಗತ್ತು ದೋಣಿ ಎಳೆಯುವುದಿಲ್ಲ ಮಾರಾಯ! ಎಳೆಯುವ ಕೆಲಸವಿದ್ದರೆ ಲಿಫ್ಟ್ ಮಾಡಿಸದ ಗಾಡಿಯನ್ನೇ ಕೊಳ್ಳಿ. ಲಿಫ್ಟ್ ಮಾಡಿದ್ದೇ ಬೇಕೆಂದು ಹಟ ಹಿಡಿದರೆ, ಹಣ ಎಣಿಸುವ ಮೊದಲು ಒಬ್ಬ ಮೆಕ್ಯಾನಿಕ್ಕನ್ನು ಅದರ ಅಡಿಗೆ ನುಗ್ಗಿಸಿ.