ಹೇಳದೆ ಹೊರಟವನ ಸುಧರಿಕೆ

ನಮ್ಮ ಕಡೆ ಯಾರೂ 'ಹೋಗ್ತೇನೆ' ಅನ್ನುವುದಿಲ್ಲ, 'ಬರ್ತೇನೆ' ಅನ್ನಬೇಕು. ಅಂದ ಮಾತ್ರಕ್ಕೆ ಬಿಡುತ್ತಾರೆಯೇ? 'ಊಟ ಆಯ್ತಾ? ಪಾಯಸ ಸಿಕ್ಕಿತಾ? ಮಕ್ಕಳು ಯಾಕೆ ಬರಲಿಲ್ಲ?' ಮಂಟಪದ ಹತ್ತಿರ ಒಮ್ಮೆ, ಕೈ ತೊಳೆಯುವಲ್ಲಿ ಒಮ್ಮೆ, ಗೇಟಿನಲ್ಲಿ ಮತ್ತೊಮ್ಮೆ. ಹೇಳದೆ ಜಾರುವುದನ್ನು ಇಂಗ್ಲಿಷರು ಫ್ರೆಂಚರ ಚಾಳಿ ಅನ್ನುತ್ತಾರೆ, ಫ್ರೆಂಚರು ಇಂಗ್ಲಿಷರದ್ದು ಅನ್ನುತ್ತಾರೆ. ಬಂಟ್ವಾಳದವರು ಹಾಗೆ ಬೆಳ್ತಂಗಡಿಯವರ ತಲೆಗೆ ಕಟ್ಟುವಂತಿಲ್ಲ. ಇಬ್ಬರೂ ನೆಂಟರು.

ಮೇ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಬಂಟ್ವಾಳದಲ್ಲಿ ಮದುವೆ, ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಮನೆ ಒಕ್ಕಲು, ಸಂಜೆ ಮೂಡುಬಿದಿರೆಯಲ್ಲಿ ನಿಶ್ಚಿತಾರ್ಥ. ಮೂರೂ ಕಡೆ 'ಬರ್ತೇನೆ' ಹೇಳುತ್ತಾ ಕೂತರೆ ಮನೆ ಸೇರುವುದು ಸೋಮವಾರ. ಹಾಗಾಗಿ ಹೇಳುವುದೇ ಬೇಡವೆಂದು ತೀರ್ಮಾನಿಸಿದೆ.

ಬಂಟ್ವಾಳದಲ್ಲಿ ಧಾರೆಯ ಗಲಾಟೆಯ ನಡುವೆ ಜಾರಿದ್ದು ಯಾರಿಗೂ ಗೊತ್ತಾಗಲಿಲ್ಲ. ಪುಂಜಾಲಕಟ್ಟೆ ದಾಟುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೆಳ್ತಂಗಡಿಯಲ್ಲಿ ಇನ್ನೂ ಜಾಗ್ರತೆ. ಚಪ್ಪಲಿಯನ್ನು ಮೊದಲೇ ಬಾವಿಕಟ್ಟೆಯ ಹಿಂದೆ ಇಟ್ಟಿದ್ದೆ. ಎರಡನೇ ಹಂತಿಯಲ್ಲಿ ಉಂಡು, ಅಡಿಗೆ ಕೊಟ್ಟಿಗೆಯ ಮೂಲಕ ಹಿತ್ತಿಲಿಗೆ ಕಾಲಿಟ್ಟೆ. ಬಿಳಿ ಪಂಚೆ, ಹೆಗಲಲ್ಲಿ ಶಾಲು. ಸುಧರಿಕೆಯ ಹುಡುಗರ ವೇಷವೂ ಅದೇ ಎಂಬುದು ಹೊಳೆದಿರಲಿಲ್ಲ.

"ಎಲ್ಲಿಗೆ ಮಾರಾಯ್ರೇ? ಇದಾ, ಕೊದಿಲು!" ಅಡಿಗೆ ಭಟ್ಟರು ಬಿಸಿ ಬಕೆಟನ್ನು ಕೈಗೆ ತುರುಕಿಯೇ ಬಿಟ್ಟರು.

'ನಾನು ಕದ್ದು ಹೋಗುತ್ತಿರುವವ' ಎಂದು ಹೇಗೆ ಹೇಳುವುದು? ಶಾಲನ್ನು ಸೊಂಟಕ್ಕೆ ಬಿಗಿದೆ. ಕೊದಿಲು ಮುಗಿದಾಗ ಮೇಲಾರ, ಆಮೇಲೆ ಪಾಯಸ. ಒಬ್ಬ ಅಜ್ಜರು ಎಲೆ ತೋರಿಸಿ "ಗೇರುಬೀಜ ಬೀಳುವ ಹಾಗೆ ಬಳಸಿ" ಎಂದರು. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಮೂರನೇ ಹಂತಿ ಏಳುವಾಗ ಯಜಮಾನರು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆ.

"ಉಂಡವರೆಲ್ಲ ಒಂದು ಮಾತು ಹೇಳದೆ ಹೋದರು. ನೀವೊಬ್ಬರು ನಿಂತಿರಿ."

ಆಮೇಲೆ ಗೇಟಿನ ತನಕ ಬಂದು ಅರ್ಧ ಗಂಟೆ ಮಾತಾಡಿದರು. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅದು ಬಾವಿಕಟ್ಟೆಯ ಹಿಂದೆಯೇ ಉಳಿದಿತ್ತು. ತರಲು ಹೋದರೆ ಕಾರಣ ಹೇಳಬೇಕಾಗುತ್ತಿತ್ತು. ಬರಿಗಾಲಲ್ಲೇ ಹೊರಟೆ. ದಾರಿಯಲ್ಲಿ ವೇಣೂರು. ಅಲ್ಲಿನ ಗೊಮ್ಮಟ 1604ರಿಂದ ಕದಲದೆ ನಿಂತಿದ್ದಾನೆ. ಗೇಟಿನ ಮಾತುಕತೆಗೆ ಬೇಕಾದದ್ದು ಆ ತಾಳ್ಮೆ.

ಮೂಡುಬಿದಿರೆ ಮುಟ್ಟುವಾಗ ಉಂಗುರ ತೊಡಿಸಿ ಆಗಿತ್ತು. ಉಡುಗೊರೆ ಕೊಡಲು ಜೇಬಿಗೆ ಕೈ ಹಾಕಿದರೆ ಪಾಯಸ ಅಂಟಿದ ಎರಡು ಕವರು ಬಂದವು. ಒಂದರ ಮೇಲೆ ಬಂಟ್ವಾಳದ ಮದುಮಗಳ ಹೆಸರಿತ್ತು.