ಎಷ್ಟ ಕೊಡತೈತ್ರಿ?

ಮೂಡಲಗಿಯಲ್ಲಿ ಗಾಡಿ ಓಡುವಷ್ಟು ಹೊತ್ತು ನಿಮ್ಮದು, ನಿಂತಿತೋ, ಊರಿನದು. ರಸ್ತೆ ಬದಿಗೆ ಹಚ್ಚಿ, ಬಗ್ಗಿ ಪ್ಲಗ್ ಕಡೆ ನೋಡಿದಿರೋ ಇಲ್ಲವೋ, ನಾಲ್ಕು ಜನ ಸೇರಿರುತ್ತಾರೆ. ಒಬ್ಬ ಕ್ಲಚ್ ಒತ್ತಿ ನೋಡುತ್ತಾನೆ. ಇನ್ನೊಬ್ಬ ಗಾಡಿ ಅಲುಗಾಡಿಸಿ ಟ್ಯಾಂಕಿಗೆ ಕಿವಿ ಇಡುತ್ತಾನೆ. ಮತ್ತೊಬ್ಬ ಏನೂ ಮುಟ್ಟದೆ, ‘ತಗೊಳ್ಳೂ ಮುಂದ ನನ್ನ ಒಂದ್ ಮಾತ ಕೇಳಬೇಕಿತ್ತ್ರಿ ಸರ’ ಎನ್ನುತ್ತಾನೆ. ಗಾಡಿ ತಗೊಂಡಾಗ ಆತ ನನಗೆ ಪರಿಚಯವೇ ಇರಲಿಲ್ಲ. ಈಗಲೂ ಇಲ್ಲ.

ಊರು, ಅಡ್ಡಹೆಸರು, ಮಕ್ಕಳೆಷ್ಟು ಎಂಬುದೆಲ್ಲ ಆಮೇಲೆ. ಮೊದಲ ಪ್ರಶ್ನೆ, ‘ಎಷ್ಟ ಕೊಡತೈತ್ರಿ?’ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬಿಡಿಸಿ ಕೇಳುವ ಪದ್ಧತಿ ಇಲ್ಲಿಲ್ಲ. ಈ ಪ್ರಶ್ನೆಗೆ ನಿಜ ಹೇಳಿದ ಗಂಡಸನ್ನೂ ನಾನು ಕಂಡಿಲ್ಲ. ಅರವತ್ತರ ಗಾಡಿಯವನು ಎಪ್ಪತ್ತು ಎನ್ನುತ್ತಾನೆ, ಎಪ್ಪತ್ತರವನು ಎಂಬತ್ತೈದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಹಾಗೆಲ್ಲ ಬಾಯಿಗೆ ಬಂದದ್ದು ಹೇಳಲಾರೆ. ಹಾಗಾಗಿ ಎಪ್ಪತ್ತೆಂಟು ಎನ್ನುತ್ತೇನೆ. ಎಂಬತ್ತೆಂದರೆ ಯಾರೂ ನಂಬುವುದಿಲ್ಲ. ಎಪ್ಪತ್ತೆಂಟೆಂದರೆ ಅಳೆದು ಹೇಳಿದಂತೆ ಕೇಳಿಸುತ್ತದೆ.

ನಿಜವಾಗಿ ಅಳೆದವಳು ನನ್ನ ಹೆಂಡತಿ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದಕ್ಕೊಂದು ಕಾಲಂ ಇದೆ. ಟ್ಯಾಂಕ್ ಫುಲ್ ಮಾಡಿಸಿದ ದಿನದ ಮೀಟರ್, ಮತ್ತೆ ಫುಲ್ ಮಾಡಿಸಿದ ದಿನದ ಮೀಟರ್, ಹಾಕಿಸಿದ ಲೀಟರು. ಭಾಗಿಸಿದರೆ 52.

‘ಕಂಪನಿಯವರು ಹೇಳೂದು ಬ್ಯಾರೆ’ ಎಂದೆ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಗಾಡಿಯನ್ನು ರೋಲರಿನ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಚಕ್ರ ತಿರುಗಿಸಿ ಅಳೆಯುತ್ತಾರೆ, ಅಲ್ಲಿ ಎದುರುಗಾಳಿ ಇಲ್ಲ, ಹಂಪ್ ಇಲ್ಲ ಎಂದು ತಿಳಿಸಿ ಹೇಳಿದೆ.

‘ಹಿಂದ ಹೆಂಡತಿ?’

‘ಇಲ್ಲ.’

‘ಗಿರಣಿ ಚೀಲ?’

‘ಇಲ್ಲ.’

‘ಹಂಗಾರ ಅದು ಸನ್ಯಾಸಿ ಗಾಡಿ ಬಿಡ್ರಿ. ನಮ್ಮದು ಸಂಸಾರದ್ದು.’

ಮನೆಯಲ್ಲಿ ಹೀಗೆ ಸೋತವನಿಗೆ ಗ್ಯಾರೇಜಿನ ಕಟ್ಟೆಯೇ ಆಸರೆ. ಸಂಜೆ ಚಾ ಹೊತ್ತಿಗೆ ಅಲ್ಲಿ ಕೂಡುವ ಅನುಭವಸ್ಥರನ್ನು ನೋಡಬೇಕು. ಒಬ್ಬರು ಯೆಜ್ಡಿಯವರು. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಇವರು ಮಾತ್ರ ಇನ್ನೂ ಸೂತಕದಲ್ಲಿದ್ದಾರೆ. ಒಂದೇ ಲಿವರಿನಲ್ಲಿ ಕಿಕ್ಕೂ ಗೇರೂ ಇದ್ದ ಗಾಡಿ ಓಡಿಸಿದವರಿಗೆ ಬಟನ್ ಒತ್ತಿ ಚಾಲು ಮಾಡುವ ನಮ್ಮಂಥವರನ್ನು ಕಂಡರೆ ಕನಿಕರ. ಇನ್ನೊಬ್ಬರ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತುಹೋದ ಮಾಡೆಲ್ಲು. ಅದು ನೆರೆಮನೆಯವರ ನಿದ್ದೆ ಕೆಡಿಸುತ್ತದೆ ಎಂದರೆ ಅವರಿಗೆ ಅದು ಹೊಗಳಿಕೆ. ಹಳೇ ಬುಲೆಟ್ಟಿನ ಯಜಮಾನರದು ಬೇರೆ ಪಂಥ, ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ‘ಗಾಡಿ ಹೊಡಿಯೂದು ಹೆಂಗಂತ ತೋರಸ್ತೀನಿ ಕೊಡ್ರಿ’ ಎಂದು ಒಮ್ಮೆ ನನ್ನ ಗಾಡಿ ಹತ್ತಿದರು. ಬ್ರೇಕೆಂದು ಗೇರು ಒತ್ತುತ್ತ ಚಾದ ಅಂಗಡಿಯ ಬಾಕಿನವರೆಗೂ ಹೋಗಿ, ಅಲ್ಲಿದ್ದವರು ಎದ್ದು ಜಾಗ ಕೊಟ್ಟ ಮೇಲೆ ನಿಂತರು. ಇಳಿದವರೇ, ‘ನಿಮ್ಮ ಗಾಡಿ ಬರೋಬ್ಬರಿ ಇಲ್ಲ’ ಎಂದರು.

ಇವರಿಂದ ನಾನು ಕಲಿತದ್ದು ಬಹಳ. ಎಂಜಿನ್ ಆಯಿಲ್ ಕಪ್ಪಾದ ಕೂಡಲೇ ಚೆಲ್ಲಬೇಕು ಎಂದರು ಒಬ್ಬರು. ಕಪ್ಪಾದರೇ ಅದು ಒಳಗಿನ ಹೊಲಸು ಎಳೆಯುತ್ತಿದೆ ಎಂದು ತಿಳಿಯಬೇಕು, ಬಣ್ಣ ನೋಡದೆ ಕಿಲೋಮೀಟರ್ ನೋಡಬೇಕು ಎಂದರು ಇನ್ನೊಬ್ಬರು. ಎರಡನೆಯದು ಸರಿ, ಆದರೆ ಮೊದಲನೆಯವರ ದನಿ ದೊಡ್ಡದು. ಚೈನನ್ನು ಬಿಗಿಮಾಡಿದಷ್ಟೂ ಗಾಡಿ ಎಳೆಯುತ್ತದೆ ಎಂಬ ಮಾತಿಗೂ ಒಂದು ಬಣವಿದೆ. ನಡುವೆ ಹಿಡಿದು ಎತ್ತಿ ಇಳಿಸಿದರೆ ಎರಡೂವರೆ ಸೆಂಟಿಮೀಟರಿನಷ್ಟು ಆಟ ಇರಬೇಕು, ಹಿಂದೆ ಜನ ಕೂತಾಗ ಅದು ತಾನೇ ಬಿಗಿಯಾಗುತ್ತದೆ ಎಂದು ನಾನು ಪುಸ್ತಕ ತೋರಿಸಿದರೆ, ‘ಪುಸ್ತಕ ಗಾಡಿ ಹೊಡಿತೈತೇನ್ರಿ?’ ಎಂದರು.

ಕಟ್ಟೆಯಲ್ಲಿ ಮಾತಾಡದವನು ಒಬ್ಬನೇ, ಎಕ್ಸೆಲ್ಲಿನ ರೈತ. ಎರಡು ಹಾಲಿನ ಕ್ಯಾನು, ಒಂದು ಹೊರೆ ಮೇವು, ಅದರ ಮೇಲೆ ಮಗನನ್ನೂ ಹೇರಿಕೊಂಡು ಬಂದು ಗಾಳಿ ಹಾಕಿಸಿಕೊಂಡು ಹೋಗುತ್ತಾನೆ. ಎಷ್ಟು ಕೊಡುತ್ತದೆ ಎಂದರೆ, ‘ಯಾರ ನೋಡ್ಯಾರ್ರಿ’ ಎನ್ನುತ್ತಾನೆ. ಅವನನ್ನು ಯಾರೂ ಅನುಭವಸ್ಥನೆಂದು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಲೈಟಿನ ಕಾಟ. ಏಪ್ರಿಲ್ 2017ರಿಂದ ಬಂದ ಹೊಸ ಗಾಡಿಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ; ಎಂಜಿನ್ ಚಾಲು ಆದರೆ ಲೈಟೂ ಚಾಲು. ಇದು ನಮ್ಮ ಸೀಮೆಗೆ ಇನ್ನೂ ಪೂರ್ತಿ ಮುಟ್ಟಿಲ್ಲ. ಕಲ್ಲೋಳಿ ಹಾಯ್ದು ಗೋಕಾಕಿಗೆ ಹೊರಟರೆ ದಾರಿಯುದ್ದಕ್ಕೂ ಜನ ಅಂಗೈ ತೆರೆದು ಮುಚ್ಚಿ ತೋರಿಸುತ್ತಾರೆ. ಒಬ್ಬ ಹಿರಿಯರಂತೂ ಬೆನ್ನು ಹತ್ತಿ ಬಂದು, ಅಡ್ಡ ಹಾಕಿ, ‘ಲೈಟ್ ಹತ್ತೇತ್ರಿ, ಬ್ಯಾಟ್ರಿ ಇಳೀತೈತಿ’ ಎಂದರು. ನಾನು ಗಾಡಿ ಬದಿಗೆ ಹಚ್ಚಿ, ಹಗಲಲ್ಲೂ ಎದುರಿನವರ ಕಣ್ಣಿಗೆ ಬೀಳಲಿ ಎಂದು ಸರಕಾರ ಮಾಡಿದ ನಿಯಮವಿದು ಎಂದು ಶುರು ಮಾಡಿದೆ. ಹಿಂದಿನಿಂದ ಹೆಂಡತಿ, ‘ರೀ, ಹೌದ್ರಿ ಅಂತ ಅಂದ್ ಬಿಡ್ರಿ. ಅಕ್ಕಿಕಾಳು ಬೀಳೂ ಹೊತ್ತಾತು’ ಎಂದಳು.

ಅವಳು ಕೂರುವುದು ಒಂದು ಬದಿಗೆ. ಹಾಗೆ ಕೂತವರಿಗೆ ಮುಂದಿನ ದಾರಿ ಅರ್ಧ ಕಾಣುತ್ತದೆ, ಎಂಜಿನ್ ಪೂರ್ತಿ ಕೇಳುತ್ತದೆ. ಗೇರು ಇಳಿಸಬೇಕಾದಲ್ಲಿ ನಾನಿನ್ನೂ ಯೋಚಿಸುತ್ತಿರುವಾಗಲೇ ಬೆನ್ನಿಗೆ ಬೆರಳಿನ ಚುಚ್ಚು ಬಿದ್ದಿರುತ್ತದೆ. ಬಣ್ಣವಿಲ್ಲದ ಹಂಪುಗಳೆಲ್ಲ ಅವಳಿಗೆ ಬಾಯಿಪಾಠ: ‘ಬೇವಿನ ಗಿಡ ಆತು, ಈಗ ಬಂತು ನೋಡ್ರಿ.’ ಕಬ್ಬಿನ ಹಂಗಾಮಿನಲ್ಲಿ ಅವಳ ಮಾತೇ ಕಾನೂನು. ಕತ್ತಲಾದ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿಗೆ ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ನಮ್ಮ ಲೈಟಿಗೆ ಮೊದಲು ಕಾಣುವುದು ರಸ್ತೆಗೆ ಚಾಚಿದ ಗಳಗಳ ತುದಿ. ಹಾರ್ನ್ ಹೊಡೆದು ಮುನ್ನುಗ್ಗುವುದು ನನ್ನ ಆಸೆ.

‘ತಡೀರಿ. ಎರಡನೇ ಟ್ರೇಲರ್ ಹೆಂಗ ಓಲ್ಯಾಡತೈತಿ ನೋಡ್ರಿ. ನಿಮ್ಮ ಹಾರ್ನ್ ಅವಂಗ ಕೇಳೂದಿಲ್ಲ, ಅವಾ ಹಾಡಿನ್ಯಾಗ ಅದಾನ. ಏರು ದಾಟಲಿ, ಎದುರಿನದು ಕಾಣಲಿ, ಆಮ್ಯಾಲ ಹೋಗೂಣು.’

ಕಬ್ಬು ರಸ್ತೆಯ ಮೇಲಷ್ಟೇ ಅಲ್ಲ, ಟ್ಯಾಂಕಿನೊಳಗೂ ಬಂದಿದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದನ್ನು ಕಬ್ಬಿನ ರಸ, ಕಾಕಂಬಿಯಿಂದಲೂ ತೆಗೆಯುತ್ತಾರೆ. ಅದರ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಳೇ ನಮೂನೆಯ ಎಂಜಿನ್ನಿನ ದ್ವಿಚಕ್ರಗಳಿಗೆ ಮೈಲೇಜು ಶೇ 3–4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಇದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕ್ಯಾಲೆಂಡರಿನ 52ಕ್ಕೆ ಕೊನೆಗೂ ಒಂದು ವೈಜ್ಞಾನಿಕ ಕಾರಣ! ಊಟಕ್ಕೆ ಕೂತಾಗ ವಿವರಿಸಿದೆ. ಎಥನಾಲ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಇಟ್ಟು ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬಾರದು ಎಂದೂ ಹೇಳಿದೆ. ಅವ್ವ ರೊಟ್ಟಿ ಮುರಿಯುತ್ತ, ‘ಅಂದ್ರ ಗಾಡಿಗೂ ಕುಡಿಯೂದು ಕಲಿಸಿದ್ರೇನಪಾ?’ ಎಂದಳು. ಕಬ್ಬು ಬೆಳೆಯುವ ನನ್ನ ಮಾವನವರು ಅಂದು ಮನೆಯಲ್ಲೇ ಇದ್ದರು. ‘ಕಳಿಸಿದ ಕಬ್ಬಿನ ಬಿಲ್ಲು ಇನ್ನೂ ನನ್ನ ಕೈಗೆ ಬಂದಿಲ್ಲ, ಕಬ್ಬು ಆಗಲೇ ಅಳಿಯಂದ್ರ ಟ್ಯಾಂಕಿಗೆ ಬಂತು’ ಎಂದರು. ಮೈಲೇಜಿನ ಮಾತು ಅಲ್ಲಿಗೇ ಮುಗಿಯಿತು.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಗೋಕಾಕ ಫಾಲ್ಸ್ ನೋಡಲು ಬಂದ. ನಾಲ್ಕುನೂರು ಸಿಸಿಯ ಗಾಡಿ, ಎದೆಗೆ ಕವಚ, ಮೊಣಕಾಲಿಗೆ ಕವಚ. ಅವ್ವ ಬಾಗಿಲಲ್ಲೇ, ‘ಯಾರ ಕೂಡ ಜಗಳೋ ತಮ್ಮಾ?’ ಎಂದಳು. ರಾತ್ರಿ ಅವನು ಘಟಪ್ರಭೆ ಅಲ್ಲಿ 52 ಮೀಟರ್ ಧುಮುಕುತ್ತದೆ ಎಂದು ಬೆರಗಿನಿಂದ ಹೇಳುತ್ತಿದ್ದ. ‘ನಮ್ಮ ಗಾಡೀದೂ ಅಷ್ಟ’ ಎಂದಳು ಹೆಂಡತಿ, ಅನ್ನ ಬಡಿಸುತ್ತ. ಅವನ ಮುಂದೆ ನಾನು ಆಗಷ್ಟೇ ಎಪ್ಪತ್ತೆಂಟು ಎಂದಿದ್ದೆ.

ಮರುದಿನ ಮಾವನವರ ಹೊಲ ನೋಡುತ್ತೇನೆಂದ. ಮಳೆ ನಿಂತು ಬಿಸಿಲು ಬಿದ್ದಿತ್ತು. ಎರೆಮಣ್ಣಿನ ದಾರಿಗೆ ಅದೇ ಕೆಟ್ಟ ಹೊತ್ತು. ಪೂರ್ತಿ ಹಸಿ ಇದ್ದರೆ ಜಾರುತ್ತದೆ, ಅರ್ಧ ಆರಿದರೆ ಮೆತ್ತುತ್ತದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಗಡಿಗೆಯ ಗಾತ್ರಕ್ಕೆ ಕೂತು, ಮುಂದಿನ ಗಾಲಿ ತಿರುಗುವುದೇ ನಿಂತಿತು. ಹುಡುಗ ರೇಸ್ ಕೊಟ್ಟ, ಹಿಂದಿನ ಗಾಲಿ ಕುಣಿ ತೋಡಿಕೊಂಡಿತು. ಟೈರಿನ ಗಾಳಿ ಇಳಿಸಿದರೆ ನೆಲದ ಹಿಡಿತ ಹೆಚ್ಚುತ್ತದೆ ಎಂದು ನಾನು ಘರ್ಷಣೆಯ ಪಾಠ ತೆಗೆದೆ. ಹೆಂಡತಿ ಬದುವಿನಿಂದ ತೊಗರಿ ಕಟ್ಟಿಗೆ ಮುರಿದು ತಂದು, ಸೆರಗು ಸಿಕ್ಕಿಸಿ ಕೂತಳು. ಕಡ್ಡಿಗಳ ನಡುವೆ ಕಟ್ಟಿಗೆ ತೂರಿಸಿ ಮೀಟಿದಳು, ಗಾಲಿ ಒಂದಿಷ್ಟು ಹಿಂದಕ್ಕೆ ತಿರುಗಿಸಿದಳು, ಮತ್ತೆ ಮೀಟಿದಳು. ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ‘ಹುಲ್ಲಿನ ಮ್ಯಾಲ ಹೊಡಿ, ಬಂಡಿ ಜಾಡಿನ್ಯಾಗ ಹೋಗಬ್ಯಾಡ’ ಎಂದಳು. ಹುಡುಗ ಅಂದಿನಿಂದ ನನ್ನ ಪಾಠ ಕೇಳುವುದು ಬಿಟ್ಟ.

ಅವನು ಹೊರಡುವಾಗ ಅವ್ವ ಮಗಳಿಗೆಂದು ಜೋಳದ ಹಿಟ್ಟು, ಶೇಂಗಾ ಹಿಂಡಿ, ಎರಡು ಡಬ್ಬಿ ಕರದಂಟು ಎಲ್ಲ ಒಂದು ಚೀಲಕ್ಕೆ ತುಂಬಿದಳು. ಗಾಡಿಗೆ ಅವನು ಸಾವಿರಾರು ರೂಪಾಯಿಯ ಬ್ಯಾಗು ಕೂಡಿಸಿದ್ದ. ಅದರಲ್ಲಿ ಮಳೆಯಂಗಿ ಬಿಟ್ಟು ಏನೂ ಹಿಡಿಸಲಿಲ್ಲ. ಹೆಂಡತಿ ಹಿತ್ತಲಿನಿಂದ ಹಳೇ ಟ್ಯೂಬಿನ ಪಟ್ಟಿ ತಂದು, ಮೊಣಕಾಲು ಒತ್ತಿ ಎಳೆದು ಚೀಲ ಕಟ್ಟಿದಳು.

ರಾತ್ರಿ ಬೆಂಗಳೂರಿನಿಂದ ಫೋನು. ‘ಮಾಮಾ, ಆರಾಮ ಮುಟ್ಟಿದೆ. ಚೀಲ ಎಳ್ಳಷ್ಟೂ ಅಲುಗಾಡಿಲ್ಲ.’ ರಬ್ಬರಿನ ಸ್ಥಿತಿಸ್ಥಾಪಕ ಗುಣವೇ ಹಾಗೆ ಎಂದು ನಾನು ಶುರು ಮಾಡಿದೆ.

‘ಅದು ಖರೇ ಮಾಮಾ. ಮೊದಲ ಅತ್ತೀಗೆ ಫೋನ್ ಕೊಡ್ರಿ. ಈ ಗಂಟು ಹೆಂಗ ಬಿಚ್ಚೂದು ಅಂತ ಕೇಳಬೇಕು. ಮನ್ಯಾಗ ಎಲ್ಲಾರೂ ಸುತ್ತ ನಿಂತೇವಿ.’