ಕಥೆ ಭಾಗ ಎರಡರಲ್ಲಿದೆ

ಈಗಿನ ಸಿನಿಮಾಗಳಲ್ಲಿ ಕಥೆ ಇಲ್ಲ ಅನ್ನಬೇಡಿ. ಇದೆ, ಭಾಗ ಎರಡರಲ್ಲಿ. ಭಾಗ ಒಂದರಲ್ಲಿ ನಾಯಕ ಬರುತ್ತಾನೆ, ಅಷ್ಟೆ. ಮೊದಲು ಬೂಟು, ಆಮೇಲೆ ಹೊಗೆ, ಆಮೇಲೆ ಗಡ್ಡ, ಕೊನೆಗೆ ಮುಖ. ಅಷ್ಟರಲ್ಲಿ ನಮ್ಮ ಪಾಪ್‌ಕಾರ್ನ್ ಖಾಲಿ.

ವೆಬ್ ಸರಣಿಗಳದ್ದು ಇನ್ನೊಂದು ಅವತಾರ. ಎರಡು ಗಂಟೆಯ ಕಥೆಯನ್ನು ಎಂಟು ಕಂತಿಗೆ ಎಳೆಯುತ್ತಾರೆ, ನೆಂಟರು ಬಂದಾಗ ಸಾರಿಗೆ ನೀರು ಸುರಿದ ಹಾಗೆ. ಕೊಲೆ ಕತ್ತಲಲ್ಲಿ, ತನಿಖೆಯೂ ಕತ್ತಲಲ್ಲಿ. ಪೊಲೀಸ್ ಠಾಣೆಗೊಂದು ಬಲ್ಬ್ ಹಾಕಿಸುವವರಿಲ್ಲ. "ರೀ, ಈಗ ಸತ್ತಿದ್ದು ಯಾರು?" ಅಂತ ಮನೆಯವಳು ಕೇಳಿದರೆ ಏನು ಹೇಳಲಿ? ಪರದೆಯಲ್ಲಿ ಕಾಣುತ್ತಿರುವುದು ನಮ್ಮಿಬ್ಬರದೇ ಮುಖ!

ಹಳೆಯದೆಲ್ಲ ಚಿನ್ನ ಅನ್ನುವವ ನಾನಲ್ಲ. ಮರ ಸುತ್ತುವ ಹಾಡುಗಳನ್ನೂ, ಮಚ್ಚೆ ನೋಡಿ ಅಣ್ಣತಮ್ಮಂದಿರು ಒಂದಾಗುವುದನ್ನೂ ಸಹಿಸಿದ್ದೇವೆ. ಆದರೂ 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯ ದೊಡ್ಡಮನೆಯಲ್ಲಿ ಕ್ಯಾಮೆರಾ ಇಟ್ಟು 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದರಲ್ಲ, ಅದರ ಕಂತು ಅರ್ಧ ಗಂಟೆಯೊಳಗೇ ಮುಗಿಯುತ್ತಿತ್ತು. ಅದರಲ್ಲಿ ಸ್ವಾಮಿ ಎಂಬ ಹುಡುಗನಾದ ಮಾಸ್ಟರ್ ಮಂಜುನಾಥ್ ಓಡಿ ಬಂದರೆ ಸಾಕಿತ್ತು, ಸ್ಲೋ ಮೋಷನ್ ಬೇಕಿರಲಿಲ್ಲ.

ನಿರ್ಮಾಪಕರಲ್ಲಿ ಒಂದೇ ವಿನಂತಿ: ಡ್ರೋನ್ ಬಾಡಿಗೆಗೆ ತರಿಸುವ ದಿನ ಒಬ್ಬ ಕಥೆಗಾರನಿಗೂ ಫೋನ್ ಮಾಡಿ. ಬಾಡಿಗೆ ಅವನದೇ ಕಡಿಮೆ.